ನಮ್ಮ ಎಂಪಿ ಯಾವ ಕಡೆ ವೋಟ್ ಹಾಕಿದ್ರು?

ಪಾರ್ಲಿಮೆಂಟ್ ಅಧಿವೇಶನ ಮುಗೀತಿದ್ದಂಗೆ ನಮ್ಮ ಕಡೆ ವಾಟ್ಸಾಪ್ ಗ್ರೂಪುಗಳಿಗೆ ಒಂದು ಪೋಸ್ಟರ್ ಬಂದು ಬೀಳುತ್ತೆ. ಹಾಜರಾತಿ ಇಷ್ಟು ಪರ್ಸೆಂಟು, ಕೇಳಿದ ಪ್ರಶ್ನೆ ಇಷ್ಟು, ಭಾಗವಹಿಸಿದ ಚರ್ಚೆ ಇಷ್ಟು, ಪಕ್ಕದಲ್ಲಿ ಕೈ ಮುಗಿದು ನಿಂತಿರೋ ಫೋಟೋ, ಹಿಂದುಗಡೆ ಜೋಗ ಧುಮುಕ್ತಿರುತ್ತೆ. ಯಾವ ಪಕ್ಷದೋರು ಗೆದ್ದಿದ್ರೂ ಪೋಸ್ಟರ್ ಹೆಚ್ಚುಕಮ್ಮಿ ಅದೇ, ಬಣ್ಣ ಮಾತ್ರ ಬೇರೆ. ಅಭಿಮಾನಿಗಳು ಬೆಂಕಿ ಇಮೋಜಿ ಹಾಕ್ತಾರೆ, ಆಗದೇ ಇರೋರು 'ರಸ್ತೆ ಗುಂಡಿ ಎಷ್ಟು ಅಂತಾನೂ ಹಾಕ್ರೋ' ಅಂತಾರೆ, ಅಡ್ಮಿನ್ ಬಂದು 'ರಾಜಕೀಯ ಬೇಡ' ಅಂತಾನೆ, ಅಲ್ಲಿಗೆ ಮುಗೀತು ಪ್ರಜಾಪ್ರಭುತ್ವ. ನಂಗೆ ಆ ಪೋಸ್ಟರ್ ನೋಡಿದಾಗೆಲ್ಲ ಕಾಡೋದು ಅದ್ರಲ್ಲಿ ಇಲ್ದೇ ಇರೋ ಒಂದು ಸಾಲು. ಯಾವ ಬಿಲ್ಲಿಗೆ ಹೂಂ ಅಂದ್ರು, ಯಾವ್ದಕ್ಕೆ ಊಹೂಂ ಅಂದ್ರು? ನಾವು ಬಟನ್ ಒತ್ತಿ ದೆಲ್ಲಿಗೆ ಕಳಿಸಿದ ಮನುಷ್ಯ ಅಲ್ಲಿ ಯಾವ ಬಟನ್ ಒತ್ತಿದ?

ನಾನು ಸಾಗರದ ಹತ್ರದೋನು. ಒಂದಿಷ್ಟು ತೋಟ ಇದೆ, ಜೊತೆಗೆ ಪೇಟೇಲಿ ನಾಲ್ಕಾರು ಅಂಗಡಿಗಳ ಲೆಕ್ಕ ಬರೀತೀನಿ. ಲೆಕ್ಕ ಬರೆಯೋರಿಗೆಲ್ಲ ಒಂದು ಕೆಟ್ಟ ಚಟ, ಯಾರಾದ್ರೂ ಮೊತ್ತ ಹೇಳಿದ ತಕ್ಷಣ 'ವೋಚರ್ ಎಲ್ಲಿ ಸ್ವಾಮಿ' ಅನ್ನೋದು. ಪೋಸ್ಟರ್ ವಿಷ್ಯದಲ್ಲೂ ಅದೇ ಆಯ್ತು. ಇಂಗ್ಲೆಂಡಲ್ಲಿರೋ ನನ್ನ ಅತ್ತೆ ಮಗ ಒಬ್ಬ ಅಲ್ಲಿನ 'ದೇ ವರ್ಕ್ ಫಾರ್ ಯೂ' ಅನ್ನೋ ಸೈಟ್ ತೋರಿಸಿದ್ದ, 2004ರಿಂದ ನಡೀತಿದೆ ಅದು, ಪೋಸ್ಟ್‌ಕೋಡ್ ಹಾಕಿದ್ರೆ ನಿಮ್ಮ ಎಂಪಿ ಯಾವ ವಿಷ್ಯಕ್ಕೆ ಯಾವ ಕಡೆ ವೋಟ್ ಹಾಕಿದ್ರು ಅಂತ ವರ್ಷಗಟ್ಟಲೆ ಹಿಂದಿಂದೂ ಬರುತ್ತೆ. ಅಲ್ಲಿ ಮತ ಎಣಿಸ್ಬೇಕು ಅಂದ್ರೆ ಎಂಪಿಗಳು ಎದ್ದು ನಡ್ಕೊಂಡು ಹೋಗಿ ಹೌದು ಅನ್ನೋರ ಲಾಬಿ, ಇಲ್ಲ ಅನ್ನೋರ ಲಾಬಿ ಅಂತ ಎರಡು ಬೇರೆ ಬೇರೆ ಲಾಬಿಗಳನ್ನ ಹಾದು ಬರ್ತಾರೆ, ಹಾದೋರ ಹೆಸರು ಪ್ರಿಂಟಾಗುತ್ತೆ. ಅಷ್ಟು ನೋಡಿದ್ಮೇಲೆ ನಮ್ದೂ ಹಿಂಗೇ ಎಲ್ಲೋ ಇರ್ಬೇಕಲ್ಲ ಅಂತ ಹುಡುಕೋಕೆ ಕೂತೆ.

ಹುಡುಕೋಕೆ ನಾನು ಆರಿಸ್ಕೊಂಡಿದ್ದು ಅರಣ್ಯ ಸಂರಕ್ಷಣಾ ತಿದ್ದುಪಡಿ ಮಸೂದೆ. ಮಲೆನಾಡಿನೋನು ಬೇರೆ ಇನ್ನೇನು ಹುಡುಕ್ತಾನೆ ಹೇಳಿ. 1996ರ ಡಿಸೆಂಬರ್‌ನಲ್ಲಿ ಗೋದಾವರ್ಮನ್ ಕೇಸಲ್ಲಿ ಸುಪ್ರೀಂ ಕೋರ್ಟು ಒಂದು ಮಾತು ಹೇಳಿತ್ತು, ಸರ್ಕಾರ ಅರಣ್ಯ ಅಂತ ನೋಟಿಫೈ ಮಾಡಿರೋದು ಮಾತ್ರ ಕಾಡಲ್ಲ, ಡಿಕ್ಷನರಿ ಅರ್ಥದಲ್ಲಿ ಕಾಡು ಅಂತ ಯಾವ್ದು ಇದೆಯೋ ಅದೂ ಕಾಡೇ, ಮಾಲೀಕ ಯಾರಾದ್ರೂ ಆಗಿರ್ಲಿ ಅಂತ. ಆ ತೀರ್ಪಿನ ಹೊಟ್ಟೇಲಿ ಹುಟ್ಟಿದ್ದೇ ನಮ್ಮ ಡೀಮ್ಡ್ ಫಾರೆಸ್ಟ್, ಅಂದ್ರೆ ನೋಟಿಫೈ ಆಗದಿದ್ರೂ ಕಾಡು ಅಂತ ಲೆಕ್ಕಕ್ಕೆ ಬರೋ ಜಾಗದ ರಗಳೆ. ತೋಟಕ್ಕೆ ಸೊಪ್ಪು ತರೋ ಸೊಪ್ಪಿನಬೆಟ್ಟ, ಕಾನು ಅನ್ನೋ ದಟ್ಟ ಕಾಡು, ಗೋಮಾಳ, ಬಗರ್‌ಹುಕುಂ ಅರ್ಜಿ, ಶರಾವತಿ ಮುಳುಗಡೆಯೋರಿಗೆ ಕೊಟ್ಟ ಜಾಗ, ಎಲ್ಲಾ ಒಂದಕ್ಕೊಂದು ಹೆಣ್ಕೊಂಡಿರೋ ಊರು ನಮ್ದು, ಇಲ್ಲಿನ ಯಾವ ಗ್ರಾಮಸಭೇಲಾದ್ರೂ ಡೀಮ್ಡ್ ಫಾರೆಸ್ಟ್ ಅಂತ ಒಂದ್ಸಲ ಅಂದು ನೋಡಿ, ಚಾ ಆರಿ ಹೋದ್ರೂ ಮಾತು ನಿಲ್ಲಲ್ಲ. 2023ರ ತಿದ್ದುಪಡಿ ಕೈ ಹಾಕಿದ್ದು ಇದಕ್ಕೇನೇ. ಕಾನೂನುಪ್ರಕಾರ ಅರಣ್ಯ ಅಂತ ನೋಟಿಫೈ ಆಗಿರೋದು, ಇಲ್ಲಾ 1980ರ ಅಕ್ಟೋಬರ್ 25ರಿಂದೀಚೆಗೆ ಸರ್ಕಾರಿ ದಾಖಲೇಲಿ ಅರಣ್ಯ ಅಂತ ಇರೋದು, ಇವಕ್ಕೆ ಮಾತ್ರ ಕಾಯ್ದೆ ಅನ್ವಯ ಅಂತ ಮಾಡಿದ್ರು. ಅದ್ರ ಜೊತೆ ಸರ್ಕಾರಿ ಝೂ, ಸಫಾರಿ, ಇಕೋಟೂರಿಸಂ ಇಂಥವಕ್ಕೆ ವಿನಾಯ್ತಿ. 2024ರ ಫೆಬ್ರವರೀಲಿ ಸುಪ್ರೀಂ ಕೋರ್ಟು, ಕೇಸು ಇತ್ಯರ್ಥ ಆಗೋ ತನಕ 1996ರ ಅರ್ಥಾನೇ ಪಾಲಿಸಿ ಅಂತ ಮಧ್ಯಂತರ ಆದೇಶ ಕೊಡ್ತು.

ಇದು ಒಳ್ಳೇದಾ ಕೆಟ್ಟದಾ ಅನ್ನೋದ್ರಲ್ಲಿ ನಮ್ಮ ಕೇರೀಲೇ ಎರಡು ಪಾರ್ಟಿ. ಫಾರೆಸ್ಟ್‌ನೋರ ಕಾಟ ಒಂಚೂರು ಕಮ್ಮಿ ಆಗ್ಲಿ ಅನ್ನೋರು ಒಂದು ಕಡೆ, ಇರೋ ಕಾನೂ ಹೋದ್ರೆ ತೋಟಕ್ಕೆ ನೀರು ಎಲ್ಲಿಂದ ಬರುತ್ತೆ ಅನ್ನೋರು ಇನ್ನೊಂದು ಕಡೆ, ಎರಡೂ ಮಾತನ್ನ ಒಂದೇ ದಿನ ಆಡೋರೂ ಇದಾರೆ. ನಾನು ಎರಡನೇ ಕಡೆಗೆ ಸ್ವಲ್ಪ ವಾಲ್ತೀನಿ. ಆದ್ರೆ ಯಾವ ಕಡೆ ವಾಲಿದ್ರೂ ನಮ್ಮ ಎಂಪಿ ಏನಂದ್ರು ಅಂತ ತಿಳ್ಕೊಳ್ಳೋ ಆಸೆ ಎರಡೂ ಪಾರ್ಟಿಗೂ ಇರ್ಬೇಕಲ್ವಾ. ಇಡೀ ದೇಶದಲ್ಲಿ ಈ ಕಾಯ್ದೆ ಯಾರ ಮನೆ ಬಾಗಿಲಿಗೆ ಬರುತ್ತೋ ಅವ್ರ ಪ್ರತಿನಿಧಿಗಳಲ್ಲಿ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದೋರು ಮೊದಲ ಸಾಲಲ್ಲಿರ್ಬೇಕು.

2023ರ ಜುಲೈ 26ಕ್ಕೆ ಲೋಕಸಭೇಲಿ ಅದು ಪಾಸಾಯ್ತು, ಧ್ವನಿಮತದಿಂದ. ಮಣಿಪುರದ ವಿಷ್ಯಕ್ಕೆ ವಿರೋಧ ಪಕ್ಷದೋರ ಗದ್ದಲ ನಡೀತಿತ್ತು, ಅದರ ಮಧ್ಯದಲ್ಲೇ. ಆಗಸ್ಟ್ 2ಕ್ಕೆ ರಾಜ್ಯಸಭೇಲೂ ಆಯ್ತು. ಧ್ವನಿಮತ ಅಂದ್ರೆ ಗೊತ್ತಲ್ಲ, ಪರ ಇರೋರು ಹೌದು ಅನ್ನಿ ಅಂತಾರೆ, ಒಂದಷ್ಟು ದನಿ ಬರುತ್ತೆ, ವಿರೋಧ ಇರೋರು ಇಲ್ಲ ಅನ್ನಿ ಅಂತಾರೆ, ಇನ್ನೊಂದಷ್ಟು ದನಿ ಬರುತ್ತೆ, ಹೌದು ಅನ್ನೋರೇ ಜಾಸ್ತಿ ಇದಾರೆ ಅಂತ ನಂಗನ್ಸುತ್ತೆ ಅಂತ ಪೀಠದಲ್ಲಿ ಕೂತೋರು ಹೇಳ್ತಾರೆ, ಪಾಸ್. ಯಾರ ಹೆಸರೂ ಇಲ್ಲ, ಎಷ್ಟು ಜನ ಅಂತಾನೂ ಇಲ್ಲ, ಆ ಹೊತ್ತಿಗೆ ನಮ್ಮೋರು ಒಳಗಿದ್ರಾ ಕ್ಯಾಂಟೀನಲ್ಲಿದ್ರಾ ಅಂತಾನೂ ಇಲ್ಲ. ವೋಚರ್ ಇಲ್ಲ ಅಂತಲ್ಲ, ವೋಚರ್ ಬರೆದೇ ಇಲ್ಲ.

ನಮ್ಮ ಸಂಸತ್ತಲ್ಲಿ ಬಹಳಷ್ಟು ಬಿಲ್ಲುಗಳು ಪಾಸಾಗೋದು ಹಿಂಗೇ, ಯಾವ ಪಕ್ಷ ಆಳ್ತಿದ್ರೂ. 2020ರಲ್ಲಿ ರಾಜ್ಯಸಭೇಲಿ ಕೃಷಿ ಕಾನೂನು ಬಂದಾಗ ಎಣಿಕೆ ಮಾಡಿ ಅಂತ ಕೇಳಿದ್ರು, ಮಾಡ್ಲಿಲ್ಲ, ಧ್ವನಿಮತ. ಮುಂದಿನ ವರ್ಷ ನವೆಂಬರಲ್ಲಿ ಅದೇ ಕಾನೂನು ವಾಪಸ್ ತಗೊಂಡ್ರಲ್ಲ, ಅದೂ ಚರ್ಚೆ ಇಲ್ದೇ ಧ್ವನಿಮತ. 2023ರ ಆಗಸ್ಟಲ್ಲಿ ಅವಿಶ್ವಾಸ ನಿರ್ಣಯ ಬಿತ್ತು, ವಿರೋಧ ಪಕ್ಷದೋರು ಎದ್ದು ಹೋಗಿದ್ರು, ಧ್ವನಿಮತ. ಹಾಗಾಗಿ ಯಾರಾದ್ರೂ 'ನಿಮ್ಮ ಎಂಪಿಯ ವೋಟಿಂಗ್ ರೆಕಾರ್ಡ್ ನೋಡಿ' ಅಂತ ಉಪದೇಶ ಮಾಡಿದ್ರೆ ನಂಗೆ ನಗು ಬರುತ್ತೆ, ಎಲ್ಲಿದೆ ತೋರ್ಸಿ ಸ್ವಾಮಿ.

ಒಂಚೂರು ಇದೆ, ಇಲ್ವೇ ಇಲ್ಲ ಅಂತಲ್ಲ. ಸಂವಿಧಾನ ತಿದ್ದುಪಡಿ ಆದ್ರೆ ಎಣಿಸ್ಲೇಬೇಕು, ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಜಾಸ್ತಿ, ಹಾಜರಿದ್ದು ವೋಟ್ ಹಾಕಿದೋರಲ್ಲಿ ಮೂರನೇ ಎರಡು ಭಾಗ ಬೇಕಲ್ಲ, ಅದನ್ನ ದನಿ ಕೇಳಿ ಹೇಳೋಕಾಗಲ್ಲ. ಅದಕ್ಕೇ ಮಹಿಳಾ ಮೀಸಲಾತಿಗೆ 2023ರ ಸೆಪ್ಟೆಂಬರಲ್ಲಿ ಲೋಕಸಭೇಲಿ 454ಕ್ಕೆ 2 ಅಂತ ನಿಖರವಾಗಿ ಗೊತ್ತಿರೋದು. ಬೇರೆ ಬಿಲ್ಲಿಗೂ ಯಾರಾದ್ರೂ ಎದ್ದು ಪೀಠದ ಅಭಿಪ್ರಾಯ ಒಪ್ಪಲ್ಲ, ಡಿವಿಷನ್ ಬೇಕು ಅಂದ್ರೆ ಎಣಿಕೆ ಆಗ್ಬಹುದು. ಆಗ ಮೂರೂವರೆ ನಿಮಿಷ ಗಂಟೆ ಹೊಡೀತಾರೆ, ಹೊರಗಿದ್ದೋರು ಓಡ್ಕೊಂಡು ಬರ್ತಾರೆ, ಬಾಗಿಲು ಹಾಕ್ತಾರೆ, ಬಟನ್ ಒತ್ತಿದ್ರೆ ಹೌದಿಗೆ ಹಸಿರು, ಇಲ್ಲಕ್ಕೆ ಕೆಂಪು, ತಟಸ್ಥಕ್ಕೆ ಹಳದಿ. 2025ರ ಏಪ್ರಿಲಲ್ಲಿ ವಕ್ಫ್ ಬಿಲ್ಲಿಗೆ ಮಧ್ಯರಾತ್ರಿ ದಾಟಿದ್ಮೇಲೆ ಹಿಂಗೇ 288–232 ಆಯ್ತು.

ಈ ಪಟ್ಟಿಗಳು ಸಂಸತ್ತಿನ ಸೈಟಲ್ಲಿ ಚರ್ಚೆಯ ಪಿಡಿಎಫ್ ಒಳಗೆ ಇರ್ತವೆ. ಪುಟಗಟ್ಟಲೆ ಚರ್ಚೆ ದಾಟ್ಕೊಂಡು ಹೋದ್ರೆ ಒಂದ್ಕಡೆ ಹೌದು ಅಂದೋರ ಹೆಸರು ಶುರುವಾಗುತ್ತೆ, ಇಂಗ್ಲಿಷ್ ಅಕ್ಷರಮಾಲೆ ಪ್ರಕಾರ, ಅದೂ ಸರ್‌ನೇಮ್ ಮುಂದೆ. ನಮ್ಮ ದಕ್ಷಿಣದೋರ ಇನಿಶಿಯಲ್ಲುಗಳು ಹಿಂದೆ ಹೋಗಿ ಕೂತಿರ್ತವೆ, ಊರಲ್ಲಿ ನಾವು ಎರಡಕ್ಷರದಲ್ಲಿ ಕರೆಯೋ ಮನುಷ್ಯ ಅಲ್ಲಿ ಗುರುತೇ ಸಿಗಲ್ಲ. ಕೊನೇಲಿ ಫಲಿತಾಂಶ ಹೇಳೋವಾಗ 'ತಿದ್ದುಪಡಿಗೆ ಒಳಪಟ್ಟು' ಅಂತ ಒಂದು ಮಾತು ಇರುತ್ತೆ, ಯಾಕಂದ್ರೆ ಮಷೀನು ಕೈ ಕೊಟ್ಟೋರು, ತಪ್ಪು ಬಟನ್ ಒತ್ತಿದೋರು ಚೀಟಿ ಬರೆದು ಕೊಡ್ತಾರೆ. ಇದೇನು ಸಣ್ಣ ಸಂಖ್ಯೆ ಅನ್ಕೋಬೇಡಿ, 2024ರ ಡಿಸೆಂಬರಲ್ಲಿ ಒಂದು ದೇಶ ಒಂದು ಚುನಾವಣೆ ಬಿಲ್ ಮಂಡನೆಗೆ ಮಷೀನ್ ತೋರಿಸಿದ್ದು 220–149, ಚೀಟಿ ಎಲ್ಲಾ ಸೇರಿಸಿದ್ಮೇಲೆ ಆಗಿದ್ದು 269–198. ಅವತ್ತು ವಿಪ್, ಅಂದ್ರೆ ಬಂದು ನಾವು ಹೇಳಿದಂಗೆ ವೋಟ್ ಹಾಕಿ ಅನ್ನೋ ಪಕ್ಷದ ಆಜ್ಞೆ, ಕೊಟ್ಟಿದ್ರೂ ಆಳೋ ಪಕ್ಷದ ಇಪ್ಪತ್ತರಷ್ಟು ಎಂಪಿಗಳು ಬಂದಿರ್ಲಿಲ್ಲ ಅಂತ ಪೇಪರಲ್ಲಿ ದೊಡ್ಡ ಸುದ್ದಿ ಆಯ್ತು.

ಆ ವಿಪ್ ಅನ್ನೋದೇ ಇನ್ನೊಂದು ಗೋಡೆ. 1985ರಲ್ಲಿ ಪಕ್ಷಾಂತರ ನಿಷೇಧ ಕಾನೂನು ಬಂತು, ಸಂವಿಧಾನಕ್ಕೆ ಹತ್ತನೇ ಶೆಡ್ಯೂಲ್ ಸೇರ್ತು. ಪಕ್ಷ ಹೇಳಿದ್ದಕ್ಕೆ ವಿರುದ್ಧ ವೋಟ್ ಹಾಕಿದ್ರೆ, ಅಥವಾ ವೋಟ್ ಹಾಕ್ದೇ ಕೂತ್ರೆ, 15 ದಿನದೊಳಗೆ ಪಕ್ಷ ಕ್ಷಮಿಸದಿದ್ರೆ, ಸೀಟು ಹೋಗ್ಬಹುದು. ಆಯಾರಾಂ ಗಯಾರಾಂ ಕಾಲ ನೋಡಿದೋರಿಗೆ ಆ ಕಾನೂನು ಯಾಕೆ ಬಂತು ಅಂತ ಹೇಳ್ಬೇಕಾಗಿಲ್ಲ, ನಮ್ಮ ಕರ್ನಾಟಕದಲ್ಲಂತೂ ಕಾನೂನು ಬಂದ್ಮೇಲೂ ರೆಸಾರ್ಟುಗಳಿಗೆ ವ್ಯಾಪಾರ ಕಮ್ಮಿ ಆಗಿಲ್ಲ. ಆದ್ರೆ ಸರ್ಕಾರ ಬೀಳಿಸೋ ವೋಟಿಗೂ, ಕಾಡಿನ ಬಿಲ್ಲಿನ ವೋಟಿಗೂ ಒಂದೇ ಹಗ್ಗ ಕಟ್ಟಿದ್ದು ಅನ್ಯಾಯ ಅಂತ ನನ್ನ ಭಾವನೆ. ಹೋಗ್ಲಿ, ಡಿವಿಷನ್ ಪಟ್ಟೀಲಿ ಕಣ್ಣು ಕಿರಿದು ಮಾಡ್ಕೊಂಡು ಹುಡುಕಿ ನಮ್ಮೋರ ಹೆಸರು ಸಿಕ್ತು ಅಂತಾನೇ ಇಟ್ಕೊಳ್ಳಿ, ಅದ್ರಿಂದ ನಂಗೆ ತಿಳಿಯೋದೇನು? ಅವ್ರು ಆ ಪಕ್ಷದೋರು ಅಂತ. ಅದು ಚುನಾವಣೆ ದಿನ ಚಿಹ್ನೆ ನೋಡಿದಾಗ್ಲೇ ತಿಳಿದಿತ್ತಲ್ಲ.

ಮಲೆನಾಡಿಗೂ ಡಿವಿಷನ್‌ಗೂ ಹಳೇ ನಂಟು ಒಂದಿದೆ, ಇಲ್ಲಿ ಹೇಳಿ ಮುಂದೆ ಹೋಗ್ತೀನಿ. 1978ರ ನವೆಂಬರಲ್ಲಿ ಚಿಕ್ಕಮಗಳೂರಿನೋರು ಉಪಚುನಾವಣೇಲಿ ಇಂದಿರಾ ಗಾಂಧಿನ ಗೆಲ್ಲಿಸಿ ಕಳಿಸಿದ್ರು, ಡಿಸೆಂಬರಲ್ಲಿ ಲೋಕಸಭೆ ವೋಟ್ ಹಾಕಿ ಅವ್ರನ್ನ ಹೊರಗೆ ಹಾಕ್ತು. ನಮ್ಮ ಕಡೆಯ ಎಂಪಿ ಎಷ್ಟು ಪ್ರಶ್ನೆ ಕೇಳಿದ್ರು ಅಂತ ಲೆಕ್ಕ ಹಾಕೋಷ್ಟೂ ಪುರುಸೊತ್ತು ಕೊಡ್ಲಿಲ್ಲ.

ಸರಿ, ವೋಟು ಸಿಗಲ್ಲ ಅಂದ್ಮೇಲೆ ಪೋಸ್ಟರಿನ ಉಳಿದ ಅಂಕಿಗಳಿಗೆ ಬರೋಣ. ಇವೆಲ್ಲ ಬಹುತೇಕ ಬರೋದು ಪಿಆರ್‌ಎಸ್ ಅನ್ನೋ ಸಂಸ್ಥೆಯ ಸೈಟಿಂದ, ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್, 2005ರಲ್ಲಿ ಶುರುವಾಗಿದ್ದು. ಒಳ್ಳೇ ಕೆಲಸ ಮಾಡ್ತಾರೆ, ಪ್ರತಿ ಎಂಪಿಗೂ ಒಂದು ಪುಟ, ಹಾಜರಾತಿ, ಚರ್ಚೆ, ಪ್ರಶ್ನೆ, ಖಾಸಗಿ ಮಸೂದೆ, ರಾಜ್ಯದ ಸರಾಸರಿ, ದೇಶದ ಸರಾಸರಿ. ಸಂಸದ್ ರತ್ನ ಅಂತ ಪ್ರಶಸ್ತಿ ಕೊಡೋರೂ ಇಂಥ ಅಂಕಿಗಳ ಮೇಲೇನೇ ಕೊಡ್ತಾರೆ.

ಹಾಜರಾತಿ ಅಂದ್ರೆ ಇತ್ತೀಚಿನ ತನಕ ರಿಜಿಸ್ಟರಿಗೆ ಹಾಕ್ತಿದ್ದ ರುಜು. ರುಜು ಹಾಕಿದ್ರೆ ದಿನದ ಭತ್ಯೆ 2,500 ರೂಪಾಯಿ. ಒಳಗೆ ಎಷ್ಟೊತ್ತು ಕೂತ್ರು ಅನ್ನೋದು ರುಜೂಲಿ ಬರ್ತಿರ್ಲಿಲ್ಲ. ಮಂತ್ರಿ ಆದೋರು ಆ ರಿಜಿಸ್ಟರಿಗೆ ರುಜೂನೇ ಹಾಕಂಗಿಲ್ಲ, ಪ್ರಶ್ನೇನೂ ಕೇಳಂಗಿಲ್ಲ, ಹಾಗಾಗಿ ನಿಮ್ಮ ಎಂಪಿ ಮಂತ್ರಿ ಆದ್ರೆ ಅವ್ರ ಪುಟ ಖಾಲಿ. ಉಡುಪಿ–ಚಿಕ್ಕಮಗಳೂರು ಕಡೆಯೋರಿಗೆ ಈ ಅನುಭವ ಇದೆ, ಅವ್ರ ಹಿಂದಿನ ಎಂಪಿ 2021ರಲ್ಲಿ ಕೇಂದ್ರ ಮಂತ್ರಿ ಆದ್ರು. ಖಾಸಗಿ ಮಸೂದೆ, ಅಂದ್ರೆ ಮಂತ್ರಿ ಅಲ್ಲದ ಎಂಪಿ ತಾನೇ ತರೋ ಬಿಲ್ಲು, ಅದ್ರ ವಿಷ್ಯ ಕೇಳ್ಬೇಡಿ, 1970ರಿಂದೀಚೆಗೆ ಒಂದೂ ಕಾನೂನಾಗಿಲ್ಲ. ಚರ್ಚೆಯ ಲೆಕ್ಕಾನೂ ಅಷ್ಟೇ, ಶೂನ್ಯವೇಳೇಲಿ ಒಂದು ನಿಮಿಷ ರೈಲು ಕೇಳಿದ್ರೂ ಒಂದು, ಬಜೆಟ್ ಮೇಲೆ ತಯಾರಾಗಿ ಬಂದು ಇಪ್ಪತ್ತು ನಿಮಿಷ ಮಾತಾಡಿದ್ರೂ ಒಂದು. 1967ರಲ್ಲಿ ನಮ್ಮ ಶಿವಮೊಗ್ಗದಿಂದ ಗೆದ್ದು ಹೋದ ಸೋಷಲಿಸ್ಟ್ ಜೆ.ಎಚ್. ಪಟೇಲರು ಲೋಕಸಭೇಲಿ ಎದ್ದು ಕನ್ನಡದಲ್ಲಿ ಮಾತಾಡಿದ್ರಲ್ಲ, ಅದಕ್ಕಿಂತ ಮುಂಚೆ ಯಾರೂ ಮಾತಾಡಿರ್ಲಿಲ್ಲ, ಸ್ಪೀಕರ್ ಸಂಜೀವ ರೆಡ್ಡಿ ಮಾತಾಡಿ ಅಂತ ಬಿಟ್ರು, ಅದನ್ನ ಈಗಿನ ಪೋಸ್ಟರಿಗೆ ಹಾಕಿದ್ರೆ ಭಾಗವಹಿಸಿದ ಚರ್ಚೆ ಅನ್ನೋ ಕಡೆ 1 ಅಂತ ಬೀಳುತ್ತೆ.

ಉಳಿದಿದ್ದು ಪ್ರಶ್ನೆಗಳು. ನಂಗೆ ರುಚಿ ಹತ್ತಿದ್ದು ಇಲ್ಲಿ.

ಲೋಕಸಭೇಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, ಅವಕ್ಕೆ ಮಂತ್ರಿ ಬಾಯಲ್ಲಿ ಉತ್ತರ ಕೊಡ್ಬೇಕು, ಉಪಪ್ರಶ್ನೆ ಕೇಳ್ಬಹುದು. ಒಂದು ಗಂಟೆಯೊಳಗೆ ಅದ್ರಲ್ಲಿ ಮುಗಿಯೋದು ಬೆರಳೆಣಿಕೆಯಷ್ಟು. ಇನ್ನು 230 ಚುಕ್ಕೆ ಗುರುತಿಲ್ಲದವು, ಅವಕ್ಕೆ ಬರವಣಿಗೇಲಿ ಉತ್ತರ. ಕನಿಷ್ಠ 15 ದಿನ ಮುಂಚೆ ನೋಟಿಸ್ ಕೊಡ್ಬೇಕು, ಯಾರದ್ದು ಆಯ್ಕೆ ಆಗುತ್ತೆ ಅನ್ನೋದು ಲಾಟರಿ. ಪ್ರಶ್ನೆ ಬರೆಯೋದು ಎಂಪಿ ಕೂತು ಬರೀತಾರೆ ಅನ್ಕೊಂಡಿದ್ರೆ ಆ ಭ್ರಮೆ ಬಿಡಿ, ಹೆಚ್ಚಿನಂಶ ಪಿಎಗಳು, ಅಸಿಸ್ಟೆಂಟ್ ಹುಡುಗ ಹುಡುಗಿಯರು ಬರೀತಾರೆ, ಅದ್ರಲ್ಲಿ ತಪ್ಪೇನೂ ಇಲ್ಲ. ದುಡ್ಡು ತಗೊಂಡು ಪ್ರಶ್ನೆ ಕೇಳಿದ್ರು ಅಂತ 2005ರಲ್ಲಿ 11 ಎಂಪಿಗಳನ್ನ ಹೊರಗೆ ಹಾಕಿದ್ದೂ ಇದೇ ಸಂಸತ್ತು. ಒಂದೇ ಥರದ ಪ್ರಶ್ನೆ ನಾಲ್ಕೈದು ಜನ ಕೇಳಿದ್ರೆ ಒಟ್ಟು ಮಾಡಿ ಒಂದೇ ಉತ್ತರ ಕೊಡ್ತಾರೆ, ನಾಲ್ಕೈದು ಜನರ ಖಾತೆಗೂ ಒಂದೊಂದು ಜಮಾ. ಅಂದ್ಮೇಲೆ ಎಷ್ಟು ಕೇಳಿದ್ರು ಅಂತ ಎಣಿಸಿ ಪ್ರಯೋಜನ ಕಮ್ಮಿ. ಓದ್ಬೇಕು.

ಓದೋಕೆ ಶುರು ಮಾಡಿದ್ಮೇಲೆ ನಾನು ಎಂಪಿ ಹೆಸರು ಹಾಕಿ ಹುಡುಕೋದನ್ನೇ ಬಿಟ್ಟೆ, ವಿಷಯ ಹಾಕಿ ಹುಡುಕ್ತೀನಿ. ಅಡಿಕೆ ಅಂತ ಹಾಕಿ ನೋಡಿ. ಕಾಸರಗೋಡಿನೋರು ಕೇಳಿರ್ತಾರೆ, ದಕ್ಷಿಣ ಕನ್ನಡದೋರು, ಅಸ್ಸಾಮಿನೋರು, ನಮ್ಮೋರೂ ಕೇಳಿರ್ತಾರೆ. ನಮ್ಮ ಮಂಡೀಲಿ ರಾಶಿ ರೇಟು ಬಿದ್ದ ದಿನ ಎಲ್ಲರ ಬಾಯಲ್ಲೂ ವಿದೇಶಿ ಅಡಿಕೆ ಬಂತಂತೆ, ಭೂತಾನಿಂದ ಬಂತಂತೆ, ಬರ್ಮಾದಿಂದ ಕದ್ದು ಬಂತಂತೆ, ಬರೀ ಅಂತೆ. ಉತ್ತರದ ಪಿಡಿಎಫಲ್ಲಿ ಅಂತೆ ಇಲ್ಲ. ಆಮದು ಸುಂಕ ನೂರು ಪರ್ಸೆಂಟ್, ಕೆಜಿಗೆ 251 ಇದ್ದ ಕನಿಷ್ಠ ಆಮದು ಬೆಲೆ 2023ರ ಫೆಬ್ರವರೀಲಿ 351 ರೂಪಾಯಿ ಆಯ್ತು, ಅದಕ್ಕಿಂತ ಕಮ್ಮಿ ಬೆಲೇದು ತರೋ ಹಂಗಿಲ್ಲ, ಆದ್ರೆ ಭೂತಾನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಗೆ ಈ ಬೆಲೆಯ ಕಟ್ಟಿಲ್ಲದೇನೇ 2022ರಲ್ಲಿ ಒಪ್ಪಿಗೆ ಕೊಟ್ಟಿದಾರೆ. ಎರಡೂ ನಿಜ, ಎರಡೂ ಒಂದೇ ಸರ್ಕಾರದ್ದು. ಪೋಸ್ಟರ್ ಮಾಡೋರು 351 ಹಾಕ್ತಾರೆ, ಎದುರು ಪಾರ್ಟಿಯೋರು 17,000 ಹಾಕ್ತಾರೆ, ಓದಿದೋನಿಗೆ ಎರಡೂ ಸಿಗುತ್ತೆ.

ಉತ್ತರದ ಹಾಳೆ ಹೆಂಗಿರುತ್ತೆ ಅಂತ ಹೇಳ್ತೀನಿ ಕೇಳಿ. ಮೇಲೆ ಭಾರತ ಸರ್ಕಾರ, ಸಚಿವಾಲಯದ ಹೆಸರು, ಪ್ರಶ್ನೆ ನಂಬರು, ಉತ್ತರಿಸಿದ ತಾರೀಕು. ಕೆಳಗೆ ಪ್ರಶ್ನೆಯನ್ನ ಎ, ಬಿ, ಸಿ, ಡಿ ಅಂತ ತುಂಡು ಮಾಡಿರ್ತಾರೆ. ಸರ್ಕಾರಕ್ಕೆ ಇಂಥದ್ದು ಗೊತ್ತಿದೆಯೇ, ಗೊತ್ತಿದ್ರೆ ವಿವರ ಏನು, ಕ್ರಮ ಏನು, ಕ್ರಮ ಇಲ್ದಿದ್ರೆ ಕಾರಣ ಏನು. ಪ್ರಶ್ನೆ ಬರೆದೋರು ಪಾಪ ಬಿಡಿಬಿಡಿಯಾಗಿ ಕೇಳಿರ್ತಾರೆ, ಉತ್ತರ ಮಾತ್ರ 'ಎ ಇಂದ ಡಿ ವರೆಗೆ' ಅಂತ ಒಂದೇ ಗುಡ್ಡೆ. ಅಂಗಡಿ ಲೆಕ್ಕದಲ್ಲಿ ಹೇಳೋಕಾಗದ ಖರ್ಚೆಲ್ಲ 'ಇತರೆ' ಅಂತ ಒಂದು ಸಾಲಿಗೆ ತುಂಬ್ತಾರಲ್ಲ, ಅದೇ ಕೈಚಳಕ. ಎರಡು ಪುಟ ಯೋಜನೆಗಳ ಹೆಸರು, ಅನುದಾನದ ಪಟ್ಟಿ, ಒಂದು ಅನುಬಂಧ. ಪೆನ್ಸಿಲ್ ಹಿಡ್ಕೊಂಡು ಎ ಗೆ ಉತ್ತರ ಎಲ್ಲಿ, ಸಿ ಗೆ ಎಲ್ಲಿ ಅಂತ ಗುರುತು ಹಾಕ್ತಾ ಹೋದ್ರೆ ಯಾವ್ದೋ ಒಂದು ತುಂಡಿಗೆ ಉತ್ತರಾನೇ ಇರಲ್ಲ. ನಾನು ನೋಡಿದ್ರಲ್ಲಿ ಹೆಚ್ಚಾಗಿ ಬಿಟ್ಟು ಹೋಗಿರೋದು 'ಯಾವಾಗ' ಅನ್ನೋ ತುಂಡು.

ಹೀಗೆ ಓದಿದ್ರಲ್ಲಿ ನನ್ನ ಮನಸ್ಸಲ್ಲಿ ಉಳಿದಿದ್ದು ಭದ್ರಾವತಿ ವಿಐಎಸ್‌ಎಲ್‌ದು. ವಿಶ್ವೇಶ್ವರಯ್ಯನೋರು ಕಟ್ಟಿ ಬೆಳೆಸಿದ ಕಬ್ಬಿಣದ ಕಾರ್ಖಾನೆ, 1923ರಲ್ಲಿ ಉತ್ಪಾದನೆ ಶುರುವಾಗಿದ್ದು, ಈಗ ಕೇಂದ್ರ ಸರ್ಕಾರದ ಉಕ್ಕಿನ ಕಂಪನಿ ಸೈಲ್ ಕೈಲಿದೆ. ಊರಲ್ಲಿ ಚುನಾವಣೆ ಬಂದಾಗೆಲ್ಲ ಕಾರ್ಖಾನೆ ಉಳಿಸ್ತೀವಿ ಅಂತಾರೆ, ಗೇಟಿನ ಮುಂದೆ ಧರಣಿ, ಎಲ್ಲಾ ಪಕ್ಷದೋರೂ ಬಂದು ಶಾಲು ಹಾಕಿಸ್ಕೊಂಡು ಹೋಗ್ತಾರೆ. ಸಂಸತ್ತಿನ ಉತ್ತರಗಳನ್ನ ಹಳೇದ್ರಿಂದ ಹೊಸದಕ್ಕೆ ಸಾಲಾಗಿ ಓದಿದ್ರೆ ಬೇರೇನೇ ಕಥೆ. 2016ರಲ್ಲಿ ತತ್ವಶಃ ಒಪ್ಪಿಗೆ, ಖಾಸಗಿಯೋರಿಗೆ ಮಾರೋಣ ಅಂತ. 2019ರಲ್ಲಿ ಆಸಕ್ತರು ಬನ್ನಿ ಅಂತ ಕರೆ. 2022ರ ಅಕ್ಟೋಬರಲ್ಲಿ, ಕೊಳ್ಳೋಕೆ ಅಷ್ಟಾಗಿ ಯಾರೂ ಮುಂದೆ ಬರ್ಲಿಲ್ಲ ಅಂತ ಪ್ರಕ್ರಿಯೆ ರದ್ದು. 2023ರ ಜನವರೀಲಿ ಮುಚ್ಚೋ ತೀರ್ಮಾನ. ಸ್ವಂತ ಅದಿರು ಗಣಿ ಇಲ್ಲ ಅನ್ನೋ ಕಾರಣ ಮೊದ್ಲಿಂದ ಕೊನೇ ತನಕ. ಒಂದೊಂದು ಉತ್ತರ ಬಿಡಿಯಾಗಿ ಪೇಪರಲ್ಲಿ ಬಂದಾಗ 'ಪರಿಶೀಲನೆ', 'ಪ್ರಯತ್ನ' ಅಂತ ಆಶಾದಾಯಕವಾಗೇ ಕೇಳ್ಸುತ್ತೆ. ಸಾಲಾಗಿ ಓದಿದೋನಿಗೆ 2016ರಲ್ಲೇ ದಾರಿ ಯಾವ ಕಡೆ ತಿರುಗಿದೆ ಅಂತ ತಿಳಿದುಬಿಡ್ತಿತ್ತು. ಭದ್ರಾವತಿಯಿಂದ ದೆಲ್ಲಿಗೆ ಹೋದೋರು ಕಾರ್ಖಾನೆ ವಿಷ್ಯ ಎತ್ತಿಲ್ಲ ಅಂತ ಯಾರೂ ಹೇಳೋಕಾಗಲ್ಲ, ಎತ್ತಿದಾರೆ. ಅಂಕಿ ಭರ್ತಿಯಾಗಿದೆ, ಕುಲುಮೆ ತಣ್ಣಗಿದೆ.

ಇದನ್ನ ಒಂದಿನ ಮಂಡಿ ಹತ್ರ ಚಾ ಕುಡೀತಾ ಹೇಳ್ದೆ. ಗೊರಬಲು ಅಡಿಕೆ ಮೂಟೆ ಇಳಿಸಿ ಬಂದಿದ್ದ ನಮ್ಮೂರಿನೋನೊಬ್ಬ ಪೂರ್ತಿ ಕೇಳಿ, 'ಅಲ್ಲಾ ಮಾರಾಯ, ತುಮರಿ ಸೇತುವೆ ಆಯ್ತಲ್ಲ, ಅದು ಯಾವ ಪ್ರಶ್ನೆ ನಂಬರು?' ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಲಿಂಗನಮಕ್ಕಿ ಕಟ್ಟಿ ಹಿನ್ನೀರು ನಿಂತ 1964ರಿಂದ ಲಾಂಚಿಗೆ ಕಾಯ್ತಾ ಕೂತಿದ್ದ ಕರೂರು ಸೀಮೆಯ ಜನಕ್ಕೆ 2025ರ ಜುಲೈ 14ಕ್ಕೆ ಸೇತುವೆ ಉದ್ಘಾಟನೆ ಆಯ್ತು, ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ. ರಾತ್ರಿ ಹೆರಿಗೆ ನೋವು ಬಂದ್ರೆ ಏನು ಗತಿ ಅಂತ ಹೆದರ್ತಿದ್ದ ಮನೆಗಳಿಗೆ ಪಿಆರ್‌ಎಸ್ ಪುಟ ತೋರ್ಸಿ ಏನು ಮಾಡ್ತೀರಿ? ಎಂಪಿ ಅಂದ್ರೆ ನಮ್ಮಲ್ಲಿ ದೊಡ್ಡ ಕಾಮಗಾರಿ ತರೋ ಮನುಷ್ಯ, ಮಂತ್ರಿಗಳ ಬಾಗಿಲು ತಟ್ಟೋನು, ಮದುವೆಗೆ ಬಂದು ಅಕ್ಷತೆ ಹಾಕೋನು. ಸೇತುವೆ, ಸೋಗಾನೆ ವಿಮಾನ ನಿಲ್ದಾಣ, ರೈಲು, ಇವು ಯಾವ್ದೂ ಹಾಜರಾತಿ ಅಂಕಿಯೊಳಗೆ ಇಲ್ಲ. ಅವನ ಮಾತನ್ನ ನಾನು ತಳ್ಳಿ ಹಾಕಲ್ಲ. ಆದ್ರೆ ಸೇತುವೆ ಕಣ್ಣಿಗೆ ಕಾಣುತ್ತೆ, ಅದಕ್ಕೆ ನಾನು ಕಾವಲು ಕೂರ್ಬೇಕಾಗಿಲ್ಲ, ರಿಬ್ಬನ್ ಕತ್ತರಿಸೋವಾಗ ಎಲ್ಲರೂ ಬಂದೇ ಬರ್ತಾರೆ. ಸೊಪ್ಪಿನಬೆಟ್ಟದ ಕಾನೂನು ಬದಲಾದಾಗ ರಿಬ್ಬನ್ ಇರಲ್ಲ.

ಎಂಪಿ ಬಗ್ಗೆ ಇಷ್ಟು ಕೊರೆದೆ, ಎಂಎಲ್‌ಎ ಬಗ್ಗೆ ಯಾರೂ ಕೇಳೋದೇ ಇಲ್ಲ ನೋಡಿ. ನಿಜ ಹೇಳ್ಬೇಕು ಅಂದ್ರೆ ನಮ್ಮಂಥೋರಿಗೆ ವಿಧಾನಸಭೆ ಉತ್ತರಗಳೇ ಸಲೀಸು, ಕನ್ನಡದಲ್ಲಿರ್ತವೆ. ಎರಡು ಕಂಬ, ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ, ಅ, ಆ, ಇ, ಈ. ಎಡಗಡೆ 'ಮಂಗನ ಕಾಯಿಲೆಯಿಂದ ಜನರು ತೊಂದರೆ ಅನುಭವಿಸುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ' ಅಂತಿದ್ರೆ ಬಲಗಡೆ 'ಬಂದಿದೆ'. ಅಷ್ಟೇ. 'ಹಾಗಿದ್ದಲ್ಲಿ' ಅಂತ ಮುಂದಿನ ಸಾಲು. ಎಡಗಡೆಯಿಂದ ಯಾರಾದ್ರೂ ಗಟ್ಟಿಯಾಗಿ ಕೇಳಿದ್ರೆ ತಾಲ್ಲೂಕುವಾರು ಪಟ್ಟಿ ಬರುತ್ತೆ, ಯಾವ ಪಿಎಚ್‌ಸೀಲಿ ಡಾಕ್ಟರ್ ಹುದ್ದೆ ಖಾಲಿ, ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆ ಸಕ್ರಮ ಮಾಡಿ ಅನ್ನೋ 94ಸಿ ಅರ್ಜಿ ಎಷ್ಟು ಬಂದಿವೆ ಎಷ್ಟು ವಜಾ ಆಗಿವೆ, ಎಲ್ಲಾ ಅನುಬಂಧದಲ್ಲಿರುತ್ತೆ. ಅದನ್ನ ತಗೊಂಡು ನಾಳೆ ತಾಲ್ಲೂಕಾಫೀಸಿಗೆ ಹೋಗಿ 'ಸದನಕ್ಕೆ ನೀವೇ ಹಿಂಗೆ ಬರೆದು ಕೊಟ್ಟಿದೀರಲ್ಲ' ಅಂತ ಕೇಳ್ಬಹುದು, ಬರೀ ಕೈಲಿ ಹೋದಾಗ ಸಿಗದ ಕುರ್ಚಿ ಆಗ ಸಿಗುತ್ತೆ. ಒಬ್ಬರು ಹೋಗಿ ಹಿಂಗೇ ಮಾಡಿದ್ದನ್ನ ನಾನು ಪಕ್ಕದಲ್ಲಿ ನಿಂತು ನೋಡಿದೀನಿ. ಸದನಕ್ಕೆ ತಪ್ಪು ಮಾಹಿತಿ ಅಂದ್ರೆ ಹಕ್ಕುಚ್ಯುತಿ ಅನ್ನೋ ಭಯ ಅಧಿಕಾರಿಗಳಿಗೆ ಇನ್ನೂ ಇದೆ.

ಕರ್ನಾಟಕದ ಶಾಸಕಾಂಗ ವರ್ಷಕ್ಕೆ ಕನಿಷ್ಠ 60 ದಿನ ಸೇರ್ಬೇಕು ಅಂತ 2005ರಲ್ಲಿ ನಾವೇ ಕಾನೂನು ಮಾಡ್ಕೊಂಡಿದೀವಿ. ಅದು ಪಾಲನೆ ಆಗೋದು ಅಪರೂಪ. ಬೆಳಗಾವಿಗೆ ಹೋಗಿ ಹತ್ತು ದಿನ ಕೂತು ಬರೋದಕ್ಕೇ ಊರೆಲ್ಲ ಸುದ್ದಿ.

ಹಾಗಾಗಿ ಈಗ ನಾನು ಪೋಸ್ಟರ್ ಬಂದಾಗ ವಾದ ಮಾಡೋಕೆ ಹೋಗಲ್ಲ. ಅಡಿಕೆ, ಅರಣ್ಯ, ವಿಐಎಸ್‌ಎಲ್, ಮಂಗನ ಕಾಯಿಲೆ ಲಸಿಕೆ, ಬಿಎಸ್‌ಎನ್‌ಎಲ್ ಟವರು, ಇಷ್ಟು ಪದ ಹಾಕಿ ಅಧಿವೇಶನ ಮುಗಿದ್ಮೇಲೆ ಒಂದ್ಸಲ ಹುಡುಕ್ತೀನಿ, ಸಿಕ್ಕ ಉತ್ತರ ಗ್ರೂಪಿಗೆ ಹಾಕ್ತೀನಿ, ಜೊತೆಗೆ ಕನ್ನಡದಲ್ಲಿ ನಾಲ್ಕು ಸಾಲು, ಯಾವ ತುಂಡಿಗೆ ಉತ್ತರ ಬಂದಿಲ್ಲ ಅಂತ. ಹೆಚ್ಚಿನೋರು ಓದಲ್ಲ. ಓದೋ ಇಬ್ಬರು ಮೂವರಲ್ಲಿ ಒಬ್ಬ ಟೀಚರ್ ಇದಾರೆ, ಅವ್ರು ಹೋದ್ಸಲ ಲಸಿಕೆ ಬಗ್ಗೆ ಪ್ರಶ್ನೆ ತಯಾರಿಸಿ ಜನಪ್ರತಿನಿಧಿಯೊಬ್ಬರ ಪಿಎ ಕೈಗೆ ಕೊಟ್ಟು ಬಂದ್ರು, ಹಳೇ ಲಸಿಕೆ ನಿಂತಿದ್ಮೇಲೆ ಐಸಿಎಂಆರ್‌ನೋರು ಹೊಸದು ಮಾಡಿಸ್ತಿದಾರಲ್ಲ, ಅದ್ರ ಟ್ರಯಲ್ ಎಲ್ಲಿಗೆ ಬಂತು, ಯಾವ ತಾಲ್ಲೂಕಿಗೆ ಮೊದಲು, ಯಾವ ತಿಂಗಳು ಅಂತ. 'ಯಾವಾಗ' ಅನ್ನೋದನ್ನ ಬೇರೆ ತುಂಡು ಮಾಡಿ ಕೊನೇಲಿ ಇಡಿ ಅಂತ ಹೇಳಿದ್ದು ನಾನು. 1957ರಲ್ಲಿ ಸೊರಬದ ಕ್ಯಾಸನೂರಲ್ಲಿ ಸಿಕ್ಕ ಕಾಯಿಲೆ ಕಣ್ರೀ ಇದು, ಈ ಪ್ರಶ್ನೆ ನಮ್ಮ ಜಿಲ್ಲೆಯಿಂದಲ್ದೇ ಇನ್ನೆಲ್ಲಿಂದ ಹೋಗ್ಬೇಕು.

ಇನ್ನು ಆ ಡಿವಿಷನ್ ವಿಷ್ಯ. ಎಣಿಕೆ ಬೇಕು ಅನ್ನೋಕೆ ಪಕ್ಷದ ನಾಯಕನೇ ಆಗಿರ್ಬೇಕು ಅಂತಿಲ್ಲ, ಒಬ್ಬ ಸಾಮಾನ್ಯ ಸದಸ್ಯ ಎದ್ದು ಕೇಳ್ಬಹುದು, ಪೀಠ ಒಪ್ಪಿದ್ರೆ ಆಯ್ತು. ಮುಂದಿನ ಸಲ ಯಾರಾದ್ರೂ ಕ್ಯಾಂಡಿಡೇಟು ನಮ್ಮ ಜಗಲಿಗೆ ಬಂದು ಕೂತು ಕಷಾಯ ಕುಡಿಯೋವಾಗ ಕೇಳ್ಬೇಕು ಅಂತಿದೀನಿ, ಮಲೆನಾಡಿನ ಕಾಡು–ಜಮೀನಿನ ಬಿಲ್ಲು ಬಂದಾಗ ಪರಾನೋ ವಿರೋಧಾನೋ ನಿಮ್ಮಿಷ್ಟ, ಎದ್ದು ನಿಂತು ಹೆಸರು ಹಿಡಿದು ಎಣಿಸಿ ಅಂತ ಕೇಳ್ತೀರಾ ಅಂತ. ಇದನ್ನ ಹೇಳ್ದಾಗ ನಮ್ಮ ಮನೆಯೋಳು, 'ಆಳೋ ಪಕ್ಷದೋರಾದ್ರೆ ಕೇಳಲ್ಲ, ವಿರೋಧ ಪಕ್ಷದೋರಾದ್ರೆ ಅಷ್ಟೊತ್ತಿಗೆ ಸಭಾತ್ಯಾಗ ಮಾಡಿ ಹೊರಗಿರ್ತಾರೆ' ಅಂದ್ಲು. 2023ರ ಜುಲೈನ ಚರ್ಚೆ ಪಿಡಿಎಫ್ ಓದಿದ್ಮೇಲೆ ನಂಗೆ ಅದಕ್ಕೆ ಎದುರುತ್ತರ ಹೊಳೀಲಿಲ್ಲ. ಕೇಳೋದಂತೂ ಕೇಳ್ತೀನಿ.